ಬೋರ್‌ವೆಲ್‌ನ ನೀರಿನ ಮಟ್ಟ ಅಳೆಯುವ ಕೆಲಸ: ಕೋಲಾರದಲ್ಲಿ ನನ್ನ ಅನುಭವ

ನಾನು ಕೋಲಾರ ಜಿಲ್ಲೆಯಲ್ಲಿ ಸರ್ಕಾರಿ ಭೂವಿಜ್ಞಾನಿ. ಹಳ್ಳಿಗೆ ಜೀಪ್ ಹೋದರೆ ಜನ "ಪಾಯಿಂಟ್ ನೋಡೋ ಸಾರ್ ಬಂದ್ರು" ಅಂತ ಓಡಿ ಬರುತ್ತಾರೆ. ಆದರೆ ಬೋರ್ ಹಾಕಲು ಪಾಯಿಂಟ್ ಗುರುತಿಸುವುದು ನಮ್ಮ ಕೆಲಸದಲ್ಲಿ ಸಣ್ಣ ಪಾಲು. ದೊಡ್ಡ ಪಾಲು ಅಂದರೆ ಗೊತ್ತುಮಾಡಿದ ಬಾವಿಗಳಿಗೆ ತಿಂಗಳು ತಿಂಗಳು ಹೋಗಿ, ನೀರು ಎಷ್ಟು ಆಳದಲ್ಲಿದೆ ಅಂತ ಅಳೆದು ಬರೆದುಕೊಂಡು ಬರುವುದು. ಕೇಂದ್ರ ಅಂತರ್ಜಲ ಮಂಡಳಿಯವರು ತಮ್ಮ ಬಾವಿಗಳನ್ನು ವರ್ಷಕ್ಕೆ ನಾಲ್ಕು ಸಲ ಅಳೆಯುತ್ತಾರೆ: ಜನವರಿ, ಬೇಸಿಗೆ, ಆಗಸ್ಟ್, ನವೆಂಬರ್. ನಮ್ಮದು ಪ್ರತಿ ತಿಂಗಳು.

ನೋಡಲು ಸುಲಭದ ಕೆಲಸ. ಒಂದು ಡ್ರಮ್‌ಗೆ ಸುತ್ತಿದ ಉದ್ದನೆಯ ಟೇಪ್, ಅದರೊಳಗೆ ಎರಡು ತಂತಿ, ತುದಿಯಲ್ಲಿ ಬೆರಳು ಗಾತ್ರದ ಪ್ರೋಬ್. ಪ್ರೋಬ್ ನೀರಿಗೆ ತಾಗಿದರೆ ಸರ್ಕ್ಯೂಟ್ ಪೂರ್ತಿಯಾಗಿ ಬೀಪ್ ಅನ್ನುತ್ತದೆ, ಕೆಂಪು ದೀಪ ಹತ್ತುತ್ತದೆ. ಆಗ ಟೇಪ್ ಮೇಲಿನ ಅಂಕಿ ಓದಬೇಕು. ಓದುವುದು ಕೇಸಿಂಗ್, ಅಂದರೆ ಬೋರ್ ಒಳಗೆ ಇಳಿಸಿದ ಪೈಪಿನ ಬಾಯಲ್ಲಿ ಕೆಂಪು ಬಣ್ಣ ಹಚ್ಚಿದ ಒಂದೇ ಜಾಗದಿಂದ. ಕೇಸಿಂಗ್ ನೆಲದಿಂದ 60 ಸೆಂಟಿಮೀಟರ್ ಮೇಲೆ ನಿಂತಿದ್ದು ಟೇಪ್ 42.35 ಮೀಟರ್ ತೋರಿಸಿದರೆ, ನೆಲದಿಂದ ನೀರಿನ ಮಟ್ಟ 41.75 ಮೀಟರ್ ಆಳದಲ್ಲಿದೆ. ಪಂಚಾಯಿತಿಯವರು ಬಾವಿ ಸುತ್ತ ಕಾಂಕ್ರೀಟ್ ಕಟ್ಟೆ ಕಟ್ಟಿ ಕೇಸಿಂಗ್ ಕತ್ತರಿಸಿದರೆ ಈ ಲೆಕ್ಕ ಎಲ್ಲ ತಲೆಕೆಳಗು. ಅದಕ್ಕೇ ಪ್ರತಿ ಸಲ ಕೇಸಿಂಗ್ ಎತ್ತರವನ್ನೂ ಅಳೆಯುತ್ತೇನೆ.

ನಿಜವಾದ ತಲೆನೋವು ಸುಳ್ಳು ಬೀಪ್. ಕೋಲಾರದ ಬೋರ್‌ಗಳಲ್ಲಿ ಮೇಲಿನ ಬಿರುಕುಗಳಿಂದ ನೀರು ಒಳಗೋಡೆಯ ಮೇಲೆ ಜಿನುಗುತ್ತಾ ಇಳಿಯುತ್ತಿರುತ್ತದೆ. ಕೆಳಗಿನ ನೀರು ಇನ್ನೂ ನೂರಾರು ಅಡಿ ಆಳದಲ್ಲಿರಬಹುದು, ಆದರೆ ಪ್ರೋಬ್ ದಾರಿಯಲ್ಲೇ ಒದ್ದೆಯಾಗಿ ಕೂಗಿಕೊಳ್ಳುತ್ತದೆ. ಹೊಸಬರು ಅದನ್ನೇ ಬರೆದುಕೊಂಡು ಹೋಗುತ್ತಾರೆ. ನಾನು ಕಿವಿಗೊಟ್ಟು ಕೇಳುತ್ತೇನೆ. ಸುಳ್ಳು ಬೀಪ್ ತಡೆತಡೆದು ಬರುತ್ತದೆ. ಟೇಪನ್ನು ಅರ್ಧ ಅಡಿ ಇಳಿಸಿದರೆ ನಿಲ್ಲುತ್ತದೆ, ಮತ್ತೆ ಶುರುವಾಗುತ್ತದೆ. ನಿಜವಾದ ನೀರು ಸಿಕ್ಕಿದರೆ ಎಷ್ಟು ಇಳಿಸಿದರೂ ಬೀಪ್ ನಿಲ್ಲುವುದಿಲ್ಲ, ಮೇಲೆತ್ತಿದರೆ ಪ್ರತಿ ಸಲ ಅದೇ ಅಂಕಿಯಲ್ಲಿ ನಿಲ್ಲುತ್ತದೆ. ಪ್ರೋಬನ್ನು ಪಂಚೆಗೆ ಒರೆಸಿ ಮತ್ತೆ ಬಿಡುವುದನ್ನು ನೋಡಿ ಊರಿನ ಹುಡುಗರು ನಗುತ್ತಾರೆ. ನಗಲಿ.

ಪಂಪ್ ಇರುವ ಬಾವಿಯಾದರೆ ಇನ್ನೊಂದು ಪ್ರಶ್ನೆ ಏಳುತ್ತದೆ.

"ಯಜಮಾನ್ರೆ, ಮೋಟಾರ್ ಯಾವಾಗ ಆಫ್ ಮಾಡಿದ್ರಿ?"

"ಆಗ್ಲೇ ಸಾರ್, ಬಹಳ ಹೊತ್ತಾಯ್ತು."

"ಕಾಲುವೆ ಇನ್ನೂ ಹರೀತಾ ಇದೆಯಲ್ಲ?"

"ತ್ರೀ ಫೇಸ್ ಕರೆಂಟ್ ಹೋಗಿ ಅರ್ಧ ಗಂಟೆ ಆಗಿರ್ಬೋದು ಬಿಡಿ."

ಅರ್ಧ ಗಂಟೆ ಸಾಲದು. ಪಂಪ್ ಎಳೆದ ನೀರಿನ ಜಾಗಕ್ಕೆ ಬಿರುಕುಗಳಿಂದ ನೀರು ವಾಪಸ್ ಬರಲು ಗಂಟೆಗಟ್ಟಲೆ ಬೇಕು. ಒಮ್ಮೆ ಅಳೆದು, ಒಂದು ಟೀ ಕುಡಿದು ಬಂದು ಮತ್ತೆ ಅಳೆಯುತ್ತೇನೆ. ಮಟ್ಟ ಏರಿದ್ದರೆ ಅದು ಬಾವಿಯ ನಿಜವಾದ ಮಟ್ಟ ಅಲ್ಲ, ಚೇತರಿಸಿಕೊಳ್ಳುತ್ತಿರುವ ಮಟ್ಟ. ಹಾಗಂತಲೇ ಷರಾ ಬರೆಯುತ್ತೇನೆ. ಮಟ್ಟ ಅಳೆಯಲೆಂದೇ ಇಟ್ಟ, ಪಂಪ್ ಇಲ್ಲದ ವೀಕ್ಷಣಾ ಬಾವಿಗೂ ಪಕ್ಕದ ತೋಟದ ಮೋಟಾರಿನ ಎಳೆತ ತಟ್ಟುತ್ತದೆ. ಈಗ ಕೆಲವು ಬಾವಿಗಳಲ್ಲಿ ತಾನಾಗಿಯೇ ಮಟ್ಟ ದಾಖಲಿಸುವ ಯಂತ್ರ ಇಳಿಸಿದ್ದೇವೆ. ನೀರೊಳಗೆ ಮುಳುಗಿದ ಒಂದು ಒತ್ತಡದ ಸೆನ್ಸರ್, ಮೇಲೆ ಸಿಮ್ ಕಾರ್ಡ್. ಅದರ ಗ್ರಾಫ್ ನೋಡಿದರೆ ತ್ರೀ ಫೇಸ್ ಎಷ್ಟು ಹೊತ್ತಿಗೆ ಬಂತು, ಎಷ್ಟು ಹೊತ್ತಿಗೆ ಹೋಯ್ತು ಅಂತ ಹೇಳಿಬಿಡಬಹುದು. ಕರೆಂಟ್ ಬಂದ ಕೂಡಲೇ ಸುತ್ತಲಿನ ಮೋಟಾರ್‌ಗಳೆಲ್ಲ ಒಟ್ಟಿಗೆ ಎಳೆಯುತ್ತವೆ, ಗೆರೆ ದಬ್ಬನೆ ಕುಸಿಯುತ್ತದೆ. ಹಾಗಿದ್ದರೆ ಟೇಪ್ ಹಿಡಿದು ಯಾಕೆ ಹೋಗಬೇಕು ಅಂತೀರಾ? ಸೆನ್ಸರ್‌ನ ಅಳತೆ ನಿಧಾನವಾಗಿ ಜಾರುತ್ತದೆ, ಕೇಬಲ್ ಸಡಿಲವಾಗುತ್ತದೆ. ಟೇಪಿನ ಅಂಕಿ ಇಲ್ಲದೆ ಅದನ್ನು ತಿದ್ದಲು ಬೇರೆ ದಾರಿಯಿಲ್ಲ.

ಅಂಕಿ ಸರಿಯಾಗಿ ಬಂತು ಅಂದುಕೊಳ್ಳಿ. ಅದನ್ನು ಓದುವುದರಲ್ಲೂ ಒಂದು ಬಲೆ ಇದೆ. ಬಾವಿ ಪೂರ್ತಿ ಬತ್ತಿದರೆ ಮಟ್ಟ ಎಷ್ಟು ಅಂತ ಬರೆಯುವುದು? 'ಒಣಗಿದೆ' ಅಂತ ಬರೆಯುತ್ತೇವೆ. ಸರಾಸರಿ ತೆಗೆಯುವವರು ಆ ಸಾಲು ಬಿಟ್ಟು ಉಳಿದ ಬಾವಿಗಳ ಲೆಕ್ಕ ಹಾಕುತ್ತಾರೆ. ಆಗ ಏನಾಗುತ್ತದೆ ನೋಡಿ. ಪರಿಸ್ಥಿತಿ ಕೆಟ್ಟಷ್ಟೂ ಕೆಟ್ಟ ಬಾವಿಗಳು ಲೆಕ್ಕದಿಂದ ಹೊರಬೀಳುತ್ತವೆ, ಸರಾಸರಿ ಚೆನ್ನಾಗಿ ಕಾಣುತ್ತದೆ. ತೆರೆದ ಬಾವಿಗಳ ಹಳೆಯ ದಾಖಲೆ ತೆಗೆದರೆ ಹೀಗೆ ಕಾಣುವ ವರ್ಷಗಳು ಸಿಗುತ್ತವೆ. ಸರಾಸರಿಗಿಂತ ಮೊದಲು ಎಷ್ಟು ಬಾವಿ ಒಣಗಿವೆ ಅಂತ ಎಣಿಸುವುದು ನನ್ನ ಅಭ್ಯಾಸ.

ಆಮೇಲೆ ಪತ್ರಿಕೆಯವರ ಫೋನ್. "ಸಾರ್, ಮಳೆಗೆ ಅಂತರ್ಜಲ ಎಷ್ಟು ಮೀಟರ್ ಏರಿತು?" ಮೀಟರ್ ಹೇಳಬಲ್ಲೆ. ಆದರೆ ಅದು ಎಷ್ಟು ನೀರು ಅಂತ ಆ ಮೀಟರ್ ಹೇಳುವುದಿಲ್ಲ. ಕೋಲಾರದ ನೆಲದಡಿ ಇರುವುದು ಗ್ರಾನೈಟು ಮತ್ತು ನೈಸ್ ಶಿಲೆ. ಮೇಲೆ ಸ್ವಲ್ಪ ಆಳದವರೆಗೆ ಅದು ಕೊಳೆತು ಸುಡ್ಡೆ, ಅಂದರೆ ಪುಡಿಯಾಗುವ ಮೆದುಕಲ್ಲು ಆಗಿದೆ, ಕೆಳಗೆ ಗಟ್ಟಿ ಬಂಡೆ, ಅದರಲ್ಲಿ ಅಲ್ಲೊಂದು ಇಲ್ಲೊಂದು ಬಿರುಕು. ಬೋರ್ ಲಾರಿಯವರು 'ಗ್ಯಾಪ್' ಅನ್ನುವುದು ಈ ಬಿರುಕಿಗೆ. ಸುಡ್ಡೆ ಬಿಟ್ಟುಕೊಡುವ ನೀರು ಅದರ ಒಟ್ಟು ಗಾತ್ರದ ಶೇಕಡಾ 2ರ ಆಸುಪಾಸು. ಗಟ್ಟಿ ಬಂಡೆಯಲ್ಲಿ ಶೇಕಡಾ 1ಕ್ಕೂ ಎಷ್ಟೋ ಕಡಿಮೆ, 0.3 ಅಂತ ಹಿಡಿಯೋಣ. ಮಟ್ಟ 5 ಮೀಟರ್ ಏರಿತು. ಸುಡ್ಡೆಯಲ್ಲಾದರೆ ಒಂದು ಎಕರೆ ಅಡಿಯಲ್ಲಿ ಸುಮಾರು 4 ಲಕ್ಷ ಲೀಟರ್ ಸೇರಿದೆ. ಬಂಡೆಯಲ್ಲಾದರೆ 60 ಸಾವಿರ ಲೀಟರ್. ಏರಿದ ಮೀಟರ್ ಒಂದೇ, ನೀರು ಆರೇಳು ಪಟ್ಟು ವ್ಯತ್ಯಾಸ. ಸಾವಿರ ಅಡಿ ಬೋರ್‌ನಲ್ಲಿ ನೀರು ನೂರಡಿ ಮೇಲೆ ಬಂತು ಅಂತ ಹಿಗ್ಗುವವರಿಗೆ ನಾನು ಈ ಲೆಕ್ಕ ಹಾಕಿ ತೋರಿಸುತ್ತೇನೆ.

ಇಂಚಿನ ಲೆಕ್ಕವೂ ಹೀಗೇ. ನಮ್ಮ ಕಡೆ "ಎರಡು ಇಂಚು ನೀರು ಬಿತ್ತು" ಅಂತಾರಲ್ಲ, ಅದು ಪೈಪಿನ ಗಾತ್ರ ಅಲ್ಲ. ಬೋರ್ ಕೊರೆದಾಗ ಬರುವ ನೀರನ್ನು ವಿ ಆಕಾರದಲ್ಲಿ ಕತ್ತರಿಸಿದ ತಗಡಿನ ಮೂಲಕ ಹರಿಸಿ, ಆ ಕತ್ತರಿಸಿದ ಜಾಗದಲ್ಲಿ ನೀರು ಎಷ್ಟು ಎತ್ತರ ನಿಲ್ಲುತ್ತದೆ ಅಂತ ನೋಡುವುದು. ತಗಡಿನ ಕೋನ 90 ಡಿಗ್ರಿ ಇದ್ದರೆ ಒಂದು ಇಂಚಿಗೆ ಗಂಟೆಗೆ ಸುಮಾರು 500 ಲೀಟರ್. ಎರಡು ಇಂಚಿಗೆ ಸಾವಿರ ಅಲ್ಲ, 2,900. ಮೂರು ಇಂಚಿಗೆ ಹತ್ತಿರಹತ್ತಿರ 8,000. ಎತ್ತರ ದುಪ್ಪಟ್ಟಾದರೆ ನೀರು ಐದೂವರೆ ಪಟ್ಟಿಗಿಂತ ಜಾಸ್ತಿ. ಎರಡು ಇಂಚಿನ ಬೋರ್ ದಿನಕ್ಕೆ ಆರು ಗಂಟೆ ಓಡಿದರೆ 17 ಸಾವಿರ ಲೀಟರ್ ತೆಗೆಯುತ್ತದೆ. ಮೇಲೆ ಹೇಳಿದ ಬಂಡೆಯ 60 ಸಾವಿರ ಲೀಟರ್ ನಾಲ್ಕು ದಿನದ ಮಾತು.

2018ರಿಂದ ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರು ಇಲ್ಲಿನ ಕೆರೆಗಳಿಗೆ ಬರುತ್ತಿದೆ. 2021ರ ನವೆಂಬರ್‌ನಲ್ಲಿ ಭರ್ಜರಿ ಮಳೆಯೂ ಆಯಿತು, ಕೆರೆಗಳು ಕೋಡಿ ಬಿದ್ದವು. ಬಾವಿಗಳು ಏರಿದ್ದು ಯಾವುದರಿಂದ ಅಂತ ಎಲ್ಲರೂ ಕೇಳುತ್ತಾರೆ. ಕೆರೆ ಪಕ್ಕದ ಬಾವಿಯೊಂದನ್ನೇ ನೋಡಿದರೆ ಉತ್ತರ ಸಿಗುವುದಿಲ್ಲ. ಆ ನೀರು ತಲುಪದ ಕಡೆಯ ಬಾವಿ ಅದೇ ತಿಂಗಳು ಎಷ್ಟು ಏರಿತು ಅಂತ ಪಕ್ಕಪಕ್ಕ ಇಟ್ಟು ನೋಡಬೇಕು. ಎರಡರ ನಡುವಿನ ವ್ಯತ್ಯಾಸವಷ್ಟೇ ಕೆರೆಯ ಪಾಲು. ಆಗ ಕೆಲಸಕ್ಕೆ ಬರುವುದು ಯಾರೂ ಮೂಸಿ ನೋಡದ, ಬರಡು ಗೋಮಾಳದ ವೀಕ್ಷಣಾ ಬಾವಿಯ ಹಳೇ ಅಂಕಿಗಳು. ಇವೆಲ್ಲ ಸೇರಿ ತಾಲ್ಲೂಕಿನ ಹಣೆಬರಹ ಬರೆಯುತ್ತವೆ. ವರ್ಷಕ್ಕೆ ಬಳಸಲು ಸಿಗುವ ನೀರಿನಲ್ಲಿ ಶೇಕಡಾ 100ಕ್ಕಿಂತ ಜಾಸ್ತಿ ಎತ್ತಿದರೆ ಅದು ಅತಿಬಳಕೆಯ ತಾಲ್ಲೂಕು. ಅಂಥ ಕಡೆ ಅಧಿಸೂಚನೆ ಆಗಿದ್ದರೆ, 2011ರ ಕರ್ನಾಟಕ ಅಂತರ್ಜಲ ಕಾಯ್ದೆ ಪ್ರಕಾರ ಹೊಸ ಬೋರ್‌ಗೆ ಅನುಮತಿ ಬೇಕು.

ರೈತರು ತಮ್ಮ ಬೋರ್ ತಾವೇ ಅಳೆಯಬಹುದಾ ಅಂತ ಕೇಳುತ್ತಾರೆ. ಖಂಡಿತ. ಪಂಪ್ ಇಳಿಸುವಾಗಲೇ ಅದರ ಜೊತೆ ಒಂದು ಸಣ್ಣ ಪ್ಲಾಸ್ಟಿಕ್ ನಳಿಗೆಯನ್ನು ಕಟ್ಟಿ ಇಳಿಸಿ. ಎಷ್ಟು ಅಡಿ ಇಳಿಸಿದಿರಿ ಅಂತ ಬರೆದಿಟ್ಟುಕೊಳ್ಳಿ. ಮೇಲಿನ ತುದಿಗೆ ಒತ್ತಡದ ಮೀಟರ್, ಸೈಕಲ್ ಪಂಪ್ ಹೊಡೆಯಲು ಒಂದು ವಾಲ್ವ್. ಗಾಳಿ ಹೊಡೆಯುತ್ತಾ ಹೋದರೆ ಮುಳ್ಳು ಏರುತ್ತದೆ. ಒಂದು ಹಂತದಲ್ಲಿ ಎಷ್ಟು ಹೊಡೆದರೂ ಮೇಲೆ ಹೋಗುವುದಿಲ್ಲ. ಆಗ ನಳಿಗೆಯೊಳಗಿನ ನೀರೆಲ್ಲ ಹೊರಗೆ ಹೋಗಿದೆ ಅಂತ ಅರ್ಥ. ಮೀಟರಿನಲ್ಲಿ ಒಂದು ಪಿಎಸ್‌ಐ (ಚದರ ಇಂಚಿಗೆ ಒಂದು ಪೌಂಡ್) ಒತ್ತಡಕ್ಕೆ 2.31 ಅಡಿ ನೀರು. ನಳಿಗೆ 400 ಅಡಿ ಇಳಿದಿದ್ದು ಮುಳ್ಳು 40ರಲ್ಲಿ ನಿಂತರೆ, ನಳಿಗೆಯ ತುದಿಯ ಮೇಲೆ 92 ಅಡಿ ನೀರಿದೆ. ಅಂದರೆ ನೀರಿನ ಮಟ್ಟ 308 ಅಡಿ ಆಳದಲ್ಲಿದೆ. ಜಿನುಗುವ ನೀರಿನ ಸುಳ್ಳು ಬೀಪ್ ಇದಕ್ಕೆ ತಟ್ಟುವುದಿಲ್ಲ. ಬೆಳಗ್ಗೆ ಮೋಟಾರ್ ಹಾಕುವ ಮುಂಚೆ ನೋಡಿ, ಪಕ್ಕದ ತೋಟದ ಮೋಟಾರ್ ಓಡುತ್ತಿದೆಯಾ ಅನ್ನುವುದನ್ನೂ ಅದೇ ಸಾಲಲ್ಲಿ ಬರೆದುಕೊಳ್ಳಿ.