ದೀಪದ ಬೆಳಕಿನ ಮೈಬಣ್ಣ: ಅಪ್ಪನೊಂದಿಗೆ ಕಲಿತದ್ದು

ಮೈಸೂರಿನ ಜಗನ್ಮೋಹನ ಅರಮನೆಯಲ್ಲಿರುವ ದೀಪ ಹಿಡಿದ ಹೆಣ್ಣಿನ ಚಿತ್ರವನ್ನು ರವಿವರ್ಮನದೆಂದು ತಿಳಿದವರು ಬಹಳ. ಬರೆದವರು ಎಸ್. ಎಲ್. ಹಲ್ದಣಕರ್, ದೀಪ ಹಿಡಿದು ನಿಂತವರು ಅವರ ಮಗಳು ಗೀತಾ. ಅದು ತೈಲವರ್ಣವೂ ಅಲ್ಲ, ಜಲವರ್ಣ. ಮನುಷ್ಯಾಕೃತಿ ಬರೆಯುವುದನ್ನೇ ಬದುಕಾಗಿಸಿಕೊಂಡ ನನ್ನ ಅಪ್ಪನಿಗೆ ಆ ಚಿತ್ರವೇ ಗುರು, ನನಗೂ ಅದೇ.

ಆ ಬೆಳಕಿನ ಗುಟ್ಟು ತಿಳಿಯಲು ನಾವು ಸಂಜೆ ಕಿಟಕಿ ಮುಚ್ಚಿ ಕೂರುತ್ತೇವೆ. ಒಬ್ಬರು ಹಿತ್ತಾಳೆಯ ದೀಪ ಹಿಡಿದು ನಿಂತರೆ ಇನ್ನೊಬ್ಬರು ಬರೆಯುತ್ತಾರೆ. ಕಾಗದಕ್ಕೆ ಬೇರೆ ಸಣ್ಣ ಬೆಳಕು ಬೇಕು, ಅದು ನಿಂತವರ ಮೇಲೆ ಬೀಳದಂತೆ ಕಪ್ಪು ರಟ್ಟಿನ ಅಡ್ಡ.

ಜ್ವಾಲೆಗೆ ಮರೆಯಾಗಿ ಹಿಡಿದ ಕೈಯೇ ಕಷ್ಟದ ಭಾಗ. ಬೆರಳಿನ ಅಂಚುಗಳಲ್ಲಿ ಬೆಳಕು ಮಾಂಸದೊಳಗೆ ಹಾಯ್ದು ಕೆಂಪಾಗುತ್ತದೆ. ನಡುವೆ ದಪ್ಪವಿರುವಲ್ಲಿ ಮಬ್ಬು. ನಾವು ಬಿಳಿ ಬಣ್ಣ ಬಳಸುವುದಿಲ್ಲ. ಜ್ವಾಲೆಯ ಜಾಗದಲ್ಲಿ ಬರಿಯ ಕಾಗದವನ್ನೇ ಉಳಿಸಿ, ಕೈಗೂ ಮುಖಕ್ಕೂ ತೆಳುವಾದ ಹಳದಿ ಹರಿಸುತ್ತೇವೆ. ಅದು ಪೂರ್ತಿ ಒಣಗಿದ ಮೇಲೆ ಕೇಸರಿ, ಆಮೇಲೆ ಕೆಂಪು, ಕೊನೆಗೆ ಕಂದು. ಕೆಳಗಿನ ಪದರ ಹಸಿಯಿದ್ದರೆ ಮೇಲಿನದು ಅದನ್ನು ಕದಡಿ ಚರ್ಮದ ಕಾಂತಿಯನ್ನೇ ಕೊಲ್ಲುತ್ತದೆ.

“ಕಣ್ಣು ಕಿರಿದು ಮಾಡಿ ನೋಡು, ಕಂದ” ಎನ್ನುತ್ತಾರೆ ಅಪ್ಪ. ಹಾಗೆ ನೋಡಿದಾಗ ಮೂಗು, ಬಾಯಿ ಎಲ್ಲ ಕರಗಿ ಬೆಳಕು ನೆರಳುಗಳ ದೊಡ್ಡ ಗುಂಪುಗಳಷ್ಟೇ ಉಳಿಯುತ್ತವೆ. ಹಗಲಿನಲ್ಲಿ ನೆರಳಿರುವ ಗಲ್ಲದ ಅಡಿ, ಮೂಗಿನ ಅಡಿ ದೀಪದ ಮುಂದೆ ಬೆಳಗುತ್ತವೆ. ನೆನಪಿನಿಂದ ಬರೆಯುವ ಕೈ ಅಲ್ಲಿ ಅಭ್ಯಾಸಬಲದಿಂದ ನೆರಳನ್ನೇ ಹಾಕುತ್ತದೆ. ಮೊಬೈಲ್ ಫೋಟೊವನ್ನು ನಂಬುವುದೂ ಕಷ್ಟ: ಜ್ವಾಲೆ ಬಿಳಿ ಚುಕ್ಕೆಯಾಗಿ, ಬೆರಳ ಕೆಂಪು ಮಾಯವಾಗಿರುತ್ತದೆ.

ಹಿನ್ನೆಲೆಗೆ ಕಪ್ಪು ಹಚ್ಚುವುದಿಲ್ಲ. ಗಾಢ ಕಂದಿಗೆ ನೀಲಿ ಬೆರೆಸಿದ ಕತ್ತಲೆಗೆ ಆಳವಿದೆ.

ದೀಪ ಹಿಡಿದು ನಿಲ್ಲುವುದೂ ಕಲಿಕೆಯೇ. ತೋಳು ಸೋತಂತೆ ಭುಜ ಇಳಿಯುತ್ತದೆ, ಭುಜ ಇಳಿದರೆ ಕತ್ತಿನ ಗೆರೆಯೇ ಬದಲು. ಅದಕ್ಕೇ ಪಾದದ ಸುತ್ತ ಸೀಮೆಸುಣ್ಣದ ಗುರುತು ಹಾಕಿ, ಕತ್ತು ಮತ್ತು ಭುಜವನ್ನು ಮೊದಲು ಬರೆದು ಮುಗಿಸುತ್ತೇವೆ. ಇದು ನಾನು ನಿಂತು ನೋವುಂಡು ಕಂಡುಕೊಂಡ ಕ್ರಮ; ಅಪ್ಪ ಒಪ್ಪಿದರು.

ಸೀರೆಯನ್ನು ಹಗಲಿನಲ್ಲಿ ನೋಡಿ ತುಂಬುವವರಿದ್ದಾರೆ. ನಾವಿಬ್ಬರೂ ಅದಕ್ಕೆ ಒಪ್ಪುವುದಿಲ್ಲ. ನೀಲಿ ಸೀರೆ ದೀಪದ ಮುಂದೆ ಬೂದುಗಪ್ಪಾಗುತ್ತದೆ. ಹಗಲಿನ ನೀಲಿ ಹಚ್ಚಿದರೆ ಮುಖ ರಾತ್ರಿಯದು, ಸೆರಗು ಮಧ್ಯಾಹ್ನದ್ದು ಆಗಿಬಿಡುತ್ತದೆ.