ಶ್ರೀಶೈಲದ ಹಾದಿಗೆ ನೆರಳು ಹುಡುಕಿದ್ದು

ಹೋಳಿ ಹುಣ್ಣಿಮೆ ಮುಗಿಯುತ್ತಿದ್ದಂತೆ ನಮ್ಮ ಊರ ಮುಂದೆ ಪಾದಯಾತ್ರಿಗಳು ಶುರುವಾಗುತ್ತಾರೆ. ಬಾಗಲಕೋಟೆ, ವಿಜಯಪುರ, ಬೆಳಗಾವಿ ಕಡೆಯವರು. ಹೆಗಲ ಮೇಲೆ ಮಲ್ಲಯ್ಯನ, ಅಂದರೆ ಶ್ರೀಶೈಲದ ಮಲ್ಲಿಕಾರ್ಜುನನ, ಕಂಬಿ (ಕಾವಡಿ). ಕೆಲವರು ಮರಗಾಲು ಕಟ್ಟಿಕೊಂಡೇ ನಡೆಯುತ್ತಾರೆ. ಯುಗಾದಿಯ ಹೊತ್ತಿಗೆ ಶ್ರೀಶೈಲ ಮುಟ್ಟಬೇಕು. ಲಿಂಗಸುಗೂರು, ಕವಿತಾಳ, ಸಿರವಾರ ಹಾದು ರಾಯಚೂರು ಜಿಲ್ಲೆ ದಾಟಿ, ಆಂಧ್ರದ ಆತ್ಮಕೂರು ಹಿಡಿದು, ವೆಂಕಟಾಪುರದ ಹತ್ತಿರ ನಲ್ಲಮಲ ಕಾಡು ಹೊಗುತ್ತಾರೆ. ಆಮೇಲೆ ನಾಗಲೂಟಿ, ಪೆಚ್ಚೆರುವು, ಭೀಮನ ಕೊಳ್ಳ, ಕೈಲಾಸ ದ್ವಾರ. 14ನೇ ಶತಮಾನದಲ್ಲಿ ರೆಡ್ಡಿ ಅರಸ ಪ್ರೋಲಯ ವೇಮ ಶ್ರೀಶೈಲಕ್ಕೆ ಕಲ್ಲಿನ ಮೆಟ್ಟಿಲು ಕಟ್ಟಿಸಿದ. ಆದರೆ ನಮ್ಮ ಎರೆ ಹೊಲಗಳ ನಡುವಿನ ಹಾದಿಯನ್ನು ನೋಡಿಕೊಳ್ಳಬೇಕಾದವರು ನಾವೇ.

ನಾವು ಆರೇಳು ಜನ ಮೊದಲು ಮಾಡಿದ್ದು ತಪ್ಪು ಕೆಲಸ. ಚಂದಾ ಎತ್ತಿ ಊರ ಬಾಗಿಲಿಗೆ ಕಮಾನು ನಿಲ್ಲಿಸಿದೆವು. ಡಾಂಬರು ರಸ್ತೆಯ ಪಕ್ಕ ಸಿಮೆಂಟಿನ ಬೆಂಚು ಹಾಕಿಸಿದೆವು. ಆ ವರ್ಷ ಒಬ್ಬರೂ ಅದರ ಮೇಲೆ ಕೂರಲಿಲ್ಲ. ಮಾರ್ಚ್ ತಿಂಗಳ ಹನ್ನೊಂದು ಗಂಟೆಯ ಬಿಸಿಲಿಗೆ ಕಾದ ಸಿಮೆಂಟಿನ ಮೇಲೆ ಯಾರು ಕೂರುತ್ತಾರೆ?

ಅದೇ ವರ್ಷ ಒಬ್ಬ ಅಜ್ಜಿಯ ಜೊತೆ ಎರಡು ಕಿಲೋಮೀಟರ್ ನಡೆದೆ. ಬರಿಗಾಲಿಗೆ ಗೋಣಿಚೀಲದ ಪಟ್ಟಿ ಸುತ್ತಿ ನೀರು ಹಾಕಿಕೊಂಡಿದ್ದರು. ಡಾಂಬರಿನ ಮೇಲೆ ಇಪ್ಪತ್ತು ಹೆಜ್ಜೆ ಇಡುವಷ್ಟರಲ್ಲಿ ಪಟ್ಟಿ ಒಣಗುತ್ತಿತ್ತು. ಪಕ್ಕದಲ್ಲೇ ಲಾರಿ ಹೋದರೆ ಮೈ ಜಗ್ಗುವಷ್ಟು ಗಾಳಿ. ಅಂಚಿನ ಮಣ್ಣಿಗೆ ಇಳಿಯೋಣ ಅಂದರೆ ಜಾಲಿಮುಳ್ಳು. ನಿಂತು ಹೊಲದ ಕಡೆ ಕೈ ತೋರಿಸಿ ಕೇಳಿದರು: "ತಮ್ಮಾ, ನಮ್ಮತ್ತಿ ಕೂಡ ಬರಾಕತ್ತಾಗ ಆ ಬೇವಿನ ಗಿಡದ ಕಡಿಂದ ಹೋಗ್ತಿದ್ವಿ. ಅಲ್ಲೊಂದು ಬಾವಿ ಇತ್ತು. ಆ ದಾರಿ ಏನ್ ಮಾಡಿದ್ರಿ?"

ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಯುಗಾದಿ ಕಳೆದ ಮೇಲೆ ತಾಲ್ಲೂಕು ಕಚೇರಿಗೆ ಹೋಗಿ ಗ್ರಾಮ ನಕಾಶೆಯ ಪ್ರತಿ ತಂದೆವು. ನಕಾಶೆಯಲ್ಲಿ ಒಂದು ಸಾಲು ಚುಕ್ಕೆ ಇದ್ದರೆ ಕಾಲುದಾರಿ, ಎರಡು ಸಾಲು ಇದ್ದರೆ ಬಂಡಿ ದಾರಿ. ನಮ್ಮ ಸೀಮೆಯಲ್ಲಿ ಎರಡು ಸಾಲು ಚುಕ್ಕೆ ಸುಮಾರು 4 ಕಿಲೋಮೀಟರ್ ಉದ್ದಕ್ಕೂ ಸ್ಪಷ್ಟವಾಗಿತ್ತು. ಹೊಲದಲ್ಲಿ ಹೋಗಿ ನೋಡಿದರೆ ಕೆಲವು ಕಡೆ ಬಂಡಿ ದಾರಿ ಎರಡು ಸಾಲು ಹತ್ತಿ ಬೆಳೆಯಷ್ಟು ಸಣ್ಣದಾಗಿತ್ತು.

ಹೊಲದವರನ್ನು ಒಪ್ಪಿಸುವುದಕ್ಕೇ ಒಂದು ವರ್ಷ ಹಿಡಿಯಿತು. ಅವರ ಮಾತಿನಲ್ಲಿ ನ್ಯಾಯ ಇತ್ತು. ಯಾತ್ರೆ ವರ್ಷಕ್ಕೆ ಹದಿನೈದು ದಿನ. ಹೋಗುವಾಗ ನಡಿಗೆ, ಬರುವಾಗ ಎಲ್ಲರೂ ಬಸ್ಸು. ಅಷ್ಟಕ್ಕೆ ಜಮೀನು ಬಿಡಬೇಕಾ? ದೇವರ ಹೆಸರು ಹೇಳಿ ಬಾಯಿ ಮುಚ್ಚಿಸೋದು ನನಗೆ ಸರಿ ಕಾಣಲಿಲ್ಲ. ಮಳೆಗಾಲದಲ್ಲಿ ಎರೆ ಮಣ್ಣು ಗಾಲಿಗೆ ಮೆತ್ತಿ ಟ್ರ್ಯಾಕ್ಟರ್ ಹೂತು, ಬಿಡಿಸಿದ ಹತ್ತಿ ಹೊಲದಲ್ಲೇ ನೆನೆದದ್ದು ಎಲ್ಲರಿಗೂ ನೆನಪಿತ್ತು. ಆ ದಾರಿ ಮೊದಲು ನಿಮ್ಮದು, ಆಮೇಲೆ ಯಾತ್ರಿಗಳದು ಅಂದೆವು. ಮೊದಲು ಒಪ್ಪಿದ್ದು ದಾರಿಯನ್ನು ಎಲ್ಲರಿಗಿಂತ ಜಾಸ್ತಿ ಒತ್ತುವರಿ ಮಾಡಿದ್ದ ಹಿರಿಯರೇ. ಪಂಚಾಯಿತಿ ಠರಾವು ಆಯಿತು. ನರೇಗಾದ 'ನಮ್ಮ ಹೊಲ ನಮ್ಮ ದಾರಿ'ಯಲ್ಲಿ ಕೆಲಸ ಸಿಕ್ಕಿತು.

ಅಲ್ಲಿಯೂ ಎಡವಿದೆವು. ಮೊದಲ ಅರ್ಧ ಕಿಲೋಮೀಟರಿಗೆ ದಪ್ಪ ಕಡಿ (ಜಲ್ಲಿಕಲ್ಲು) ಹಾಕಿದರು. ಟ್ರ್ಯಾಕ್ಟರಿಗೆ ಸರಿ. ಬರಿಗಾಲಿಗೆ ಅದು ಶಿಕ್ಷೆ. ಮರಂ (ಗರಸು ಮಣ್ಣು) ತಂದು ಮೇಲೆ ಹರಡಿ, ನೀರು ಹೊಡೆದು, ರೋಲರ್ ಓಡಿಸಿದ ಮೇಲೆಯೇ ನಡೆಯುವಂತಾಯಿತು. ಬರಿಗಾಲಿನವರು ನಡೆಯುವ ದಾರಿ ಮಾಡುವವರು ಮೊದಲು ಚಪ್ಪಲಿ ಬಿಟ್ಟು ಅದರ ಮೇಲೆ ನಡೆದು ನೋಡಲಿ ಅಂತ ಕೈ ಮುಗಿದು ಹೇಳುತ್ತೇನೆ.

ಬಾವಿ ಸಿಕ್ಕಿತು. ಜಾಲಿ ಕಡಿದು, ಹೂಳು ಎತ್ತಿದೆವು. ಬಾಯಿಗಲ್ಲಿನ ಮೇಲೆ ಹಗ್ಗ ಉಜ್ಜಿ ಉಜ್ಜಿ ಬಿದ್ದ ಗೆರೆಗಳು ಬೆರಳು ಹೂತುಹೋಗುವಷ್ಟು ಆಳ. ಎಷ್ಟು ಜನ ಇಲ್ಲಿ ನೀರು ಸೇದಿರಬೇಕು! ಗಾರೆ ಹಾಕಿ ನುಣುಪು ಮಾಡೋಣ ಅಂದವರನ್ನು ತಡೆದೆವು. ಗೆರೆ ಹಾಗೇ ಇದೆ.

ಗಿಡದ ವಿಷಯದಲ್ಲಿ ಪಾದಯಾತ್ರಿಗಳ ವೇಳೆಯೇ ನಮಗೆ ಲೆಕ್ಕ ಕೊಟ್ಟಿತು. ಅವರು ನಸುಕಿನ ಮೂರು ಗಂಟೆಗೆ ಎದ್ದು ನಡೆಯುತ್ತಾರೆ. ಬಿಸಿಲೇರಿದರೆ ಎಲ್ಲಿ ನೆರಳಿದೆಯೋ ಅಲ್ಲಿ ಸಂಜೆಯವರೆಗೆ. ಹಾಗಾಗಿ ದಾರಿಯುದ್ದಕ್ಕೂ ಒಂದೊಂದು ಗಿಡ ಹಾಕುವ ಬದಲು ಬಾವಿಯ ಸುತ್ತ ಬೇವು, ಹೊಂಗೆಯನ್ನು ಗುಂಪಾಗಿ ಹಾಕಿದೆವು. ಕಡಿದ ಜಾಲಿಯೇ ಬೇಲಿ. ಮನೆಗೊಂದು ಗಿಡ, ಎರಡು ಬೇಸಿಗೆ ನೀರು ಅವರದೇ. ಸತ್ತ ಕಡೆ ಮತ್ತೆ ನೆಟ್ಟೆವು.

ನೀರಿನ ಪಾಕೀಟು ನಿಲ್ಲಿಸಿದೆವು. ಅದನ್ನು ತಿಂದು ದನ ಸತ್ತರೆ ಆ ಪುಣ್ಯ ಯಾರಿಗೆ ಬೇಕು? ಈಗ ಅರವಟ್ಟಿಗೆಯಲ್ಲಿ ಮಣ್ಣಿನ ಗುಡಾಣ, ಸ್ಟೀಲ್ ಲೋಟ. ಹೆಣ್ಣುಮಕ್ಕಳಿಗೆ ತಗಡಿನ ಸ್ನಾನದ ಮನೆ, ಶೌಚಾಲಯ. ನಾಚಿಕೆ ಬಿಟ್ಟು ಹೇಳಬೇಕು, ಇದು ನಮಗೆ ಮೂರನೇ ವರ್ಷ ಹೊಳೆಯಿತು. ಹೊಳೆಸಿದ್ದು ಮಹಿಳಾ ಸಂಘದ ಅಕ್ಕಂದಿರು.

ಆದಾಯದ ಮಾತು ಬಂದಾಗ ಊರು ಒಂದೇ ಮಾತು ಹೇಳಿತು: ಮಲ್ಲಯ್ಯನ ಮಕ್ಕಳಿಗೆ ಅನ್ನ, ನೀರು ಮಾರಬಾರದು. ನನಗೂ ಅದೇ ಸರಿ ಅನಿಸಿತು. ಆದರೆ ಮುಂದಿನ ಕಾಡಿನ ದಾರಿಗೆ ಕಟ್ಟಿಕೊಂಡು ಹೋಗುವ ಬುತ್ತಿ ಬೇರೆ, ಅಲ್ವಾ? ಕಟಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ವಾರಗಟ್ಟಲೆ ಕೆಡುವುದಿಲ್ಲ. ಸಂಘದವರು ಹುಣ್ಣಿಮೆಗೆ ಮುಂಚೆಯೇ ಬಡಿದಿಡುತ್ತಾರೆ. ಊಟ ದಾಸೋಹದಲ್ಲಿ, ಬುತ್ತಿಗೆ ಮಾತ್ರ ದುಡ್ಡು.

ನಮ್ಮ ಸೀಮೆ ಮುಗಿದಲ್ಲಿ ಹಳ್ಳ ಇದೆ. ಅದರಾಚೆ ಯಾತ್ರಿಗಳು ಇನ್ನೂ ಡಾಂಬರಿಗೇ ಹತ್ತಬೇಕು. ಆಚೆ ಊರಿನವರು ಹೋದ ವಾರ ತಮ್ಮ ನಕಾಶೆ ತೆಗೆಸಿದ್ದಾರೆ. ಅಲ್ಲೂ ಎರಡು ಸಾಲು ಚುಕ್ಕೆ ಇದೆ. ಭಾನುವಾರ ಹಗ್ಗ ಹಿಡಿದು ಅಳೆಯಲು ಹೋಗುತ್ತಿದ್ದೇವೆ.