ಶಾಲೆಯಲ್ಲಿ ಮಕ್ಕಳ ಮನಸ್ಸಿನ ಆರೈಕೆ: ಮೇಷ್ಟ್ರು, ಟೀಚರ್‌ಗಳಿಗೆ ತರಬೇತಿ ಕೊಡುವುದು ಹೇಗೆ?

ಮಕ್ಕಳ ಮಾನಸಿಕ ಆರೋಗ್ಯಕ್ಕೆ ಏನಾದರೂ ಮಾಡೋಣ ಅಂದ ಕೂಡಲೇ ಎಲ್ಲರಿಗೂ ಹೊಳೆಯುವುದು ಒಂದು ದಿನದ ಕಾರ್ಯಾಗಾರ. ಅದು ಆಮೇಲೆ ಇರಲಿ. ನೀವು ಸರ್ಕಾರಿ ಹೈಸ್ಕೂಲಿನ ಹೆಡ್ ಮಾಸ್ಟರ್ ಆಗಿರಿ, ಎಸ್‌ಡಿಎಂಸಿ (ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರಾಗಿರಿ, ಮೊದಲು ಒಂದು ಪ್ರಶ್ನೆಗೆ ಉತ್ತರ ಹುಡುಕಿ: ನಾಳೆ ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು 'ಬದುಕೋಕೇ ಇಷ್ಟ ಇಲ್ಲ ಮಿಸ್' ಅಂದರೆ, ಅವಳನ್ನು ಯಾರ ಹತ್ತಿರ ಕರೆದುಕೊಂಡು ಹೋಗುತ್ತೀರಿ? ಇದು ಗೊತ್ತಿಲ್ಲದೆ ತರಬೇತಿ ಕೊಟ್ಟರೆ, ಕಷ್ಟ ಗುರುತಿಸಲು ಕಲಿತ ಟೀಚರ್ ಮುಂದೇನು ಮಾಡಬೇಕೋ ತಿಳಿಯದೆ ಒಬ್ಬರೇ ಒದ್ದಾಡುತ್ತಾರೆ.

ಹಾಗಾಗಿ ಮೊದಲ ವಾರ ಜಿಲ್ಲಾ ಆಸ್ಪತ್ರೆಗೆ ಹೋಗಿ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡ ಎಲ್ಲಿ ಕೂರುತ್ತದೆ ಅಂತ ಕೇಳಿ, ಮನೋವೈದ್ಯರು, ಸಮಾಜ ಕಾರ್ಯಕರ್ತರು ಯಾರಿದ್ದಾರೋ ಅವರ ಹೆಸರು, ಫೋನ್ ನಂಬರ್ ಬರೆದುಕೊಳ್ಳಿ. ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಡಿ ತಾಲೂಕು ಆಸ್ಪತ್ರೆಗೂ ಮನೋವೈದ್ಯರು ಬರುವ ವ್ಯವಸ್ಥೆ ಇದೆ, ನಿಮ್ಮಲ್ಲಿ ಯಾವ ದಿನ ಬರುತ್ತಾರೆ ಕೇಳಿ. ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416, ಮಕ್ಕಳ ಸಹಾಯವಾಣಿ 1098, ಎರಡನ್ನೂ ಮಕ್ಕಳಿಗೆ ಕಾಣುವ ಹಾಗೆ ಗೋಡೆಯ ಮೇಲೆ ಬರೆಸಿ. 14416ಕ್ಕೆ ಫೋನ್ ಮಾಡಲು ದುಡ್ಡು ಕೊಡಬೇಕಿಲ್ಲ, ದಿನದ 24 ಗಂಟೆಯೂ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ತರಬೇತಿಗೆ ಅನುಮತಿ, ಸಮಯ ಕೇಳುವಾಗ ಇದನ್ನು ಹೇಳಿ: 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಮಾರ್ಗಸೂಚಿ ಪ್ರಕಾರ 100 ಅಥವಾ ಅದಕ್ಕಿಂತ ಜಾಸ್ತಿ ವಿದ್ಯಾರ್ಥಿಗಳಿರುವ ಸಂಸ್ಥೆಯಲ್ಲಿ ಅರ್ಹ ಆಪ್ತ ಸಮಾಲೋಚಕರು ಇರಬೇಕು. ಚಿಕ್ಕ ಶಾಲೆಗಳು ಹೊರಗಿನ ತಜ್ಞರ ಜೊತೆ ಸಂಪರ್ಕ ಇಟ್ಟುಕೊಳ್ಳಬೇಕು. ಎಲ್ಲ ಸಿಬ್ಬಂದಿಗೂ ವರ್ಷಕ್ಕೆ ಎರಡು ಸಲವಾದರೂ ತರಬೇತಿ ಆಗಬೇಕು. ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಕೊಡುವ ಪತ್ರದಲ್ಲಿ ಇದನ್ನು ಬರೆದರೆ ಕೆಲಸ ಬೇಗ ಆಗುತ್ತದೆ.

ಈಗ ತರಬೇತಿ. ಶಿಕ್ಷಕರನ್ನು ಮನೋವೈದ್ಯರನ್ನಾಗಿ ಮಾಡಲು ಹೋಗಬೇಡಿ. ಕಾಯಿಲೆಗಳ ಹೆಸರು, ಲಕ್ಷಣಗಳ ಪಟ್ಟಿ ಬಾಯಿಪಾಠ ಮಾಡಿಸಿದರೆ ಮಕ್ಕಳಿಗೆ ಹಣೆಪಟ್ಟಿ ಹಚ್ಚುವುದಷ್ಟೇ ಆಗುತ್ತದೆ. ಶಿಕ್ಷಕರಿಗೆ ಬೇಕಾದ್ದು ಮೂರೇ: ಗಮನಿಸುವುದು, ಕೇಳಿಸಿಕೊಳ್ಳುವುದು, ಸರಿಯಾದ ಕೈಗೆ ಒಪ್ಪಿಸುವುದು.

ಗಮನಿಸುವುದಕ್ಕೆ ಹಾಜರಾತಿ ಪುಸ್ತಕವೇ ಒಳ್ಳೆಯ ಸಾಧನ. ಸೋಮವಾರ ಸೋಮವಾರ ತಪ್ಪಿಸಿಕೊಳ್ಳುವ ಮಗು, ಇದ್ದಕ್ಕಿದ್ದ ಹಾಗೆ ಮಾರ್ಕ್ಸ್ ಬಿದ್ದ ಮಗು, ಗೆಳೆಯರನ್ನೆಲ್ಲ ಬಿಟ್ಟು ಒಂಟಿಯಾದ ಮಗು. ಗಲಾಟೆ ಮಾಡುವವರು ಎಲ್ಲರ ಕಣ್ಣಿಗೂ ಬೀಳುತ್ತಾರೆ, ಸುಮ್ಮನೆ ಕೂತವರು ಬೀಳುವುದಿಲ್ಲ, ಅಲ್ವಾ? ಬಿಸಿಯೂಟದ ಅಡುಗೆಯವರನ್ನೂ ತರಬೇತಿಗೆ ಕರೆಯಿರಿ. ಯಾವ ಮಗು ತಟ್ಟೆ ಹಾಗೇ ಬಿಟ್ಟು ಹೋಗುತ್ತದೆ ಅನ್ನುವುದು ಅವರಿಗೆ ಚೆನ್ನಾಗಿ ಗೊತ್ತಿರುತ್ತದೆ.

ಜಾಸ್ತಿ ಸಮಯ ಕೊಡಬೇಕಾದ್ದು ಕೇಳಿಸಿಕೊಳ್ಳುವುದಕ್ಕೆ. ಇದು ಭಾಷಣದಿಂದ ಬರುವುದಿಲ್ಲ, ಅಭ್ಯಾಸ ಮಾಡಿಸಬೇಕು. ಇಬ್ಬಿಬ್ಬರನ್ನು ಕೂರಿಸಿ, ಒಬ್ಬರು ಮಗು, ಒಬ್ಬರು ಟೀಚರ್. ಐದು ನಿಮಿಷ ಬುದ್ಧಿ ಹೇಳುವ ಹಾಗಿಲ್ಲ. ಶಿಕ್ಷಕರಾದ ನಮಗೆ ಇದು ತುಂಬಾ ಕಷ್ಟ, ಬಾಯಿಗೆ ಮೊದಲು ಬರುವುದೇ 'ಇಷ್ಟಕ್ಕೆಲ್ಲಾ ಅಳ್ತಾರಾ, ಚೆನ್ನಾಗಿ ಓದು, ಎಲ್ಲಾ ಸರಿಹೋಗುತ್ತೆ' ಅನ್ನೋ ಮಾತು. ಅದರ ಬದಲು 'ಎಷ್ಟು ದಿನದಿಂದ ಹೀಗಿದೆ ಪುಟ್ಟಾ?', 'ಮನೇಲಿ ಯಾರ ಹತ್ರ ಹೇಳ್ಕೊಂಡಿದ್ದೀಯಾ?' ಅಂತ ಕೇಳಿ ಸುಮ್ಮನಾಗುವುದನ್ನು ಕಲಿಸಿ. ಸಾಯುವ ಯೋಚನೆ ಬಂದಿದೆಯಾ ಅಂತ ನೇರವಾಗಿ ಕೇಳಬಹುದು. ಕೇಳಿದರೆ ಆ ಯೋಚನೆ ತಲೆಗೆ ಹೊಕ್ಕುತ್ತದೆ ಅನ್ನುವ ಭಯ ತಪ್ಪು, ಎಷ್ಟೋ ಸಲ ಮಗುವಿಗೆ ಅದರಿಂದ ಹಗುರವಾಗುತ್ತದೆ. ಹೌದು ಅಂದರೆ ಒಂದು ಕ್ಷಣವೂ ಒಂಟಿಯಾಗಿ ಬಿಡಬೇಡಿ, ಪೋಷಕರನ್ನು ಕರೆಸಿ, ಅವತ್ತೇ ಆಸ್ಪತ್ರೆಗೆ ಕರೆದೊಯ್ಯಿರಿ.

'ಯಾರಿಗೂ ಹೇಳಲ್ಲ' ಅಂತ ಮಾತ್ರ ಯಾವತ್ತೂ ಮಾತು ಕೊಡಬೇಡಿ. 'ನಿನಗೆ ಅಪಾಯ ಇದ್ದರೆ ಸಹಾಯ ಮಾಡುವವರಿಗೆ ಹೇಳಲೇಬೇಕಾಗುತ್ತೆ' ಅಂತ ಮೊದಲೇ ತಿಳಿಸಿ. ಲೈಂಗಿಕ ದೌರ್ಜನ್ಯ ಅಂತ ಗೊತ್ತಾದರೆ 2012ರ ಪೋಕ್ಸೋ ಕಾಯ್ದೆ ಪ್ರಕಾರ ಪೊಲೀಸರಿಗೆ ತಿಳಿಸುವುದು ಕಡ್ಡಾಯ, ಶಾಲೆಯ ಹೆಸರು ಹಾಳಾಗುತ್ತೆ ಅಂತ ಮುಚ್ಚಿಡುವುದು ಅಪರಾಧ. ಆದರೆ ಮಗು ಹೇಳಿದ್ದು ಸ್ಟಾಫ್ ರೂಮಿನ ಹರಟೆ ಆಗಬಾರದು. ಒಮ್ಮೆ ಹಾಗಾದರೆ ಆ ಶಾಲೆಯಲ್ಲಿ ಇನ್ಯಾವ ಮಗುವೂ ಬಾಯಿ ಬಿಡುವುದಿಲ್ಲ.

ಬೆತ್ತ ಹಿಡಿದುಕೊಂಡು ಇದೆಲ್ಲ ಮಾಡಲಾಗುವುದಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ ಹೊಡೆಯುವುದನ್ನಷ್ಟೇ ಅಲ್ಲ, ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಎಲ್ಲರೆದುರು ಮಾರ್ಕ್ಸ್ ಓದಿ ಅವಮಾನ ಮಾಡುವ ಪದ್ಧತಿ ನಿಲ್ಲಿಸಿದರೆ ಅರ್ಧ ಕೆಲಸ ಆದ ಹಾಗೆ ಅಂತ ನನ್ನ ನಂಬಿಕೆ.

ತರಬೇತಿ ಮುಗಿದ ಮೇಲೆ ತಿಂಗಳಿಗೊಮ್ಮೆ ಒಂದು ಗಂಟೆ ಕೂರಿ, ಸಾಧ್ಯವಾದರೆ ಸಿಆರ್‌ಪಿ (ಅಕ್ಕಪಕ್ಕದ ಶಾಲೆಗಳ ಗುಂಪಾದ ಕ್ಲಸ್ಟರಿನ ಸಂಪನ್ಮೂಲ ವ್ಯಕ್ತಿ) ಜೊತೆ ಮಾತಾಡಿ ಕ್ಲಸ್ಟರಿನ ಶಾಲೆಗಳೆಲ್ಲ ಸೇರಿ. ಮಗುವಿನ ಹೆಸರು ಹೇಳದೆ ಕಷ್ಟದ ಸಂದರ್ಭ ಚರ್ಚಿಸಿ, ಜಿಲ್ಲಾ ತಂಡದವರನ್ನು ಫೋನಿನಲ್ಲಾದರೂ ಸೇರಿಸಿಕೊಳ್ಳಿ. ಮಕ್ಕಳ ನೋವು ಕೇಳಿ ಕೇಳಿ ಟೀಚರ್‌ಗಳೂ ಬಳಲುತ್ತಾರೆ, ಅವರ ಮಾತಿಗೂ ಅಲ್ಲಿ ಜಾಗ ಇರಲಿ. ಒಂದು ಶಾಲೆಯಲ್ಲಿ ಒಬ್ಬರಿಗೇ ಜವಾಬ್ದಾರಿ ಕೊಡಬೇಡಿ, ಇಬ್ಬರಿರಲಿ, ಒಬ್ಬರು ಮಹಿಳೆ ಆಗಿರಲಿ. ಒಬ್ಬರಿಗೆ ವರ್ಗಾವಣೆ ಆದರೆ ಇನ್ನೊಬ್ಬರು ಹೊಸಬರಿಗೆ ಕಲಿಸಲಿ.